ಮೂರು ಹಾಳೆಗಳ ನಿಯಮ

ಅಚ್ಚಿಗೆ ಹೋಗುವ ಮುಂಚೆ ಕರಡನ್ನು ಕೊನೆಯ ಸಲ ಓದಿ ಸಹಿ ಹಾಕುವ ಕೆಲಸ ಅವಳದು. ಇಪ್ಪತ್ತೆರಡು ವರ್ಷದಿಂದ ಅದೇ ಪ್ರಕಾಶನ ಸಂಸ್ಥೆ, ಅದೇ ಎರಡನೆಯ ಮಹಡಿ, ಕಿಟಕಿಯ ಪಕ್ಕದ ಅದೇ ಮೇಜು. ವಾಕ್ಯದ ಕೊನೆಯಲ್ಲಿ ಬಿಟ್ಟುಹೋದ ಚುಕ್ಕಿಯನ್ನು ಬಾಗಿಲಲ್ಲಿ ನಿಂತೇ ಹಿಡಿಯುತ್ತಾಳೆ ಎಂದು ಯಾರೋ ತಮಾಷೆಗೆ ಇಟ್ಟ ಹೆಸರು ಅಂಟಿಕೊಂಡು, ಕಚೇರಿಗೆಲ್ಲ ಅವಳು ಚುಕ್ಕಿ ಅಕ್ಕ. ಮಕ್ಕಳ ಇಂಗ್ಲಿಷ್ ಪುಸ್ತಕಗಳನ್ನು ತರುವ ಸಂಸ್ಥೆ ಅದು. ಕಥೆ, ವಿಜ್ಞಾನ, ಪ್ರಾಣಿಪಕ್ಷಿ, ಹೀಗೆ ತಿಂಗಳಿಗೆ ನಾಲ್ಕೈದು ಪುಸ್ತಕ.

ಒಂದು ಸೋಮವಾರ ಬೆಳಿಗ್ಗೆ ಯಜಮಾನರು ಅವಳನ್ನು ಒಳಗೆ ಕರೆದರು. ಅವರಪ್ಪ ಸಂಸ್ಥೆ ನಡೆಸುತ್ತಿದ್ದಾಗ ಚುಕ್ಕಿ ಅಕ್ಕ ಕೆಲಸಕ್ಕೆ ಸೇರಿದ್ದು. ಆಗ ಇವರಿನ್ನೂ ಶಾಲೆಯ ಹುಡುಗ. ಪರೀಕ್ಷೆ ಹತ್ತಿರ ಬಂದಾಗ ಇವಳ ಮೇಜಿನ ಪಕ್ಕದಲ್ಲಿ ಕೂತು ಇಂಗ್ಲಿಷ್ ಪ್ರಬಂಧ ತಿದ್ದಿಸಿಕೊಂಡವರು. ಈಗ ಕುರ್ಚಿಯಲ್ಲಿ ಕೂತು ಎದುರಿಗಿದ್ದವರ ಮುಖ ನೋಡದೆ ಮಾತಾಡುವುದನ್ನು ಕಲಿತಿದ್ದರು.

“ಅಕ್ಕಾ, ಇದೊಂದು ಬಂದಿದೆ ನೋಡಿ. ಹೆಸರಿಲ್ಲ, ‘ಹಿತೈಷಿ’ ಅಂತ ಸಹಿ ಇದೆ.”

ಕಂಪ್ಯೂಟರಿನಲ್ಲಿ ಅಚ್ಚು ಮಾಡಿದ ಇಂಗ್ಲಿಷ್ ಕಾಗದ. ಮೇಲೆ ಪುಸ್ತಕಕ್ಕೆ ಇಟ್ಟ ಹಾಗೆ ಒಂದು ಶೀರ್ಷಿಕೆ: ‘ಎ ಪ್ರಾಬ್ಲಮ್ ವಿತ್ ಅವರ್ ಬುಕ್ಸ್’. ಕೆಳಗೆ ಎರಡೇ ಸಾಲು. ಹೋದ ತಿಂಗಳ ಪುಸ್ತಕದ ಹದಿನಾಲ್ಕನೆಯ ಪುಟದಲ್ಲಿ ‘ದಿ’ ಎರಡು ಸಲ ಬಂದಿದೆ, ಇಪ್ಪತ್ತನೆಯ ಪುಟದಲ್ಲಿ ‘ಆರ್’ ಇರಬೇಕಾದ ಕಡೆ ‘ಆಫ್’ ಇದೆ.

“ಯಾರು ತಂದ್ಕೊಟ್ಟಿದ್ದು?”

“ಮೇಜಿನ ಮೇಲಿತ್ತು,” ಎಂದರು ಯಜಮಾನರು, ಪೆನ್ನಿನ ಮುಚ್ಚಳ ತಿರುಗಿಸುತ್ತ. “ನೀವು ತಲೆ ಕೆಡಿಸ್ಕೋಬೇಡಿ. ಸ್ವಲ್ಪ ಗಮನ ಇರಲಿ ಅಷ್ಟೆ.”

ತಲೆ ಕೆಡಿಸಿಕೊಳ್ಳದೆ ಇರುವುದು ಹೇಗೆ? ಹೊರಗೆ ಬಂದವಳೇ ಪುಸ್ತಕ ತೆರೆದಳು. ‘ದಿ’ ಒಂದು ಸಾಲಿನ ಕೊನೆಗೆ ಇತ್ತು, ಮುಂದಿನ ಸಾಲಿನ ಮೊದಲಿಗೂ ಇತ್ತು. ಇಪ್ಪತ್ತನೆಯ ಪುಟವೂ ನಿಜವೇ. ಅವಳಿಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲೇ ಅವಳ ಕಣ್ಣು ಕಾಗದದ ಮೇಲೆ ಹೋಯಿತು. ಹಾಳೆಯ ಎಡಗಡೆ, ಮೇಲಿನಿಂದ ಕೆಳಗಿನವರೆಗೆ, ಕೂದಲೆಳೆಯಷ್ಟು ತೆಳುವಾದ ಒಂದು ಬೂದು ಗೆರೆ. ಇದೇ ಕಚೇರಿಯ ಪ್ರಿಂಟರಿನ ಗೆರೆ ಅದು. ಆರು ತಿಂಗಳಿಂದ ರಿಪೇರಿ ಮಾಡಿಸಿ ಎಂದು ಅವಳೇ ಹೇಳುತ್ತಿದ್ದಳು.

ಅಂದರೆ ಹೊರಗಿನವರಲ್ಲ. ಒಳಗಿನವರೇ.

ಇನ್ನೊಂದು ವಿಷಯವನ್ನೂ ಅವಳು ಗಮನಿಸಿದಳು. ಶೀರ್ಷಿಕೆಯಲ್ಲಿ ‘ವಿತ್’ ಪದದ ಮೊದಲ ಅಕ್ಷರ ದೊಡ್ಡದಿತ್ತು, ಅಂದರೆ ಕ್ಯಾಪಿಟಲ್. ಇಂಗ್ಲಿಷ್ ಶೀರ್ಷಿಕೆಗಳಲ್ಲಿ ಮುಖ್ಯ ಪದಗಳಿಗೆಲ್ಲ ಮೊದಲ ಅಕ್ಷರ ದೊಡ್ಡದು. ‘ದಿ’, ‘ಆಫ್’, ‘ಇನ್’, ‘ಅಂಡ್’ ಎನ್ನುವಂಥ ಚಿಕ್ಕಪುಟ್ಟ ಪದಗಳಿಗೆ ಸಣ್ಣದು. ಆದರೆ ‘ವಿತ್’, ‘ಫ್ರಮ್’, ‘ಓವರ್’ ಇಂಥ ನಾಲ್ಕಕ್ಷರದ ಪದಗಳು ಬಂದರೆ ಒಂದೊಂದು ಸಂಸ್ಥೆಯದು ಒಂದೊಂದು ಪದ್ಧತಿ. ಕೆಲವರು ಸಣ್ಣದೇ ಬಿಡುತ್ತಾರೆ, ಕೆಲವರು ದೊಡ್ಡದು ಮಾಡುತ್ತಾರೆ. ದೊಡ್ಡದು ಮಾಡುವುದು ಈ ಸಂಸ್ಥೆಯ ಪದ್ಧತಿ. ಆ ಪದ್ಧತಿ ತಂದವಳು ಅವಳೇ. ಅವಳು ಕಲಿಸಿದ ಅಕ್ಷರದಿಂದಲೇ ಯಾರೋ ಅವಳ ಮೇಲೆ ದೂರು ಬರೆದಿದ್ದರು.

ಹದಿನೈದು ದಿನಕ್ಕೆ ಎರಡನೆಯ ಕಾಗದ ಬಂತು. ಈ ಸಲದ ಶೀರ್ಷಿಕೆ: ‘ದಿ ಪ್ರೂಫ್‌ರೀಡರ್ ಈಸ್ ಟಯರ್ಡ್’. ಕರಡು ತಿದ್ದುವವಳಿಗೆ ದಣಿವಾಗಿದೆಯಂತೆ. ‘ಫ್ರಮ್’ ಇರಬೇಕಾದಲ್ಲಿ ‘ಫಾರ್ಮ್’ ಇದೆ ಎಂದು ಪುಟ ಸಮೇತ ಬರೆದಿತ್ತು. ‘ಈಸ್’ ಪದದ ಮೊದಲ ಅಕ್ಷರ ದೊಡ್ಡದು. ಎರಡೇ ಅಕ್ಷರದ ಪದವೆಂದು ಮೋಸಹೋಗಿ ಬಹಳ ಜನ ಅದನ್ನು ಸಣ್ಣದು ಮಾಡಿಬಿಡುತ್ತಾರೆ. ಆದರೆ ಅದು ಕ್ರಿಯಾಪದ, ಎಷ್ಟೇ ಚಿಕ್ಕದಾದರೂ ದೊಡ್ಡಕ್ಷರಕ್ಕೆ ಹಕ್ಕುದಾರ. ಬರೆದವರಿಗೆ ಅದು ಗೊತ್ತಿತ್ತು. ಮೈ ಉರಿಯುತ್ತಿದ್ದರೂ ಚುಕ್ಕಿ ಅಕ್ಕ ಮನಸ್ಸಿನಲ್ಲೇ ‘ಪರವಾಗಿಲ್ವೇ’ ಅಂದುಕೊಂಡಳು.

ಸಂಜೆ ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದಳು. ಗಂಡ ದರ್ಜಿ. ಮುಂದಿನ ಕೋಣೆಯೇ ಅಂಗಡಿ. ಅವನು ಬಾಯಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡೇ ಪೂರ್ತಿ ಕೇಳಿಸಿಕೊಂಡ.

“ಅದರಲ್ಲಿ ಬರೆದಿರೋ ತಪ್ಪು ಇದ್ದದ್ದು ನಿಜಾನಾ?” ಎಂದು ಪಿನ್ನು ತೆಗೆದು ಕೇಳಿದ.

“ಅದಲ್ಲಾರೀ ಪ್ರಶ್ನೆ. ಹೆಸರು ಹಾಕದೆ ಬರೆಯೋಕೆ ಎಷ್ಟು ಸೊಕ್ಕಿರಬೇಕು ಅಂತ.”

“ನಿಜಾನೋ ಸುಳ್ಳೋ ಹೇಳು ಮೊದಲು.”

“ನಿಜ. ಹಾಗಂತ ಎದುರಿಗೆ ಬಂದು ಹೇಳ್ಬಹುದಿತ್ತಲ್ಲ?”

“ನಿನ್ನ ಎದುರಿಗೆ?” ಎಂದು ಅವನು ನಕ್ಕುಬಿಟ್ಟ. “ನನಗೇ ಹೆದರಿಕೆ ಆಗುತ್ತೆ. ಮೊನ್ನೆ ಅಂಗಡಿ ಬೋರ್ಡಿನಲ್ಲಿ ಕಾಗುಣಿತ ತಪ್ಪಿದೆ ಅಂತ ಮೂರು ದಿನ ಮಾತು ಬಿಟ್ಟಿದ್ಯಲ್ಲ.”

ಅವಳಿಗೆ ನಗು ಬರಲಿಲ್ಲ. ಇವರು ಯಾಕೆ ಆ ಕಡೆಯವರ ಪರವಾಗಿ ಮಾತಾಡುತ್ತಿದ್ದಾರೆ ಎಂಬ ಹುಳ ತಲೆ ಹೊಕ್ಕಿತು. ಕಚೇರಿಯ ಯಾರಾದರೂ ಬಟ್ಟೆ ಹೊಲಿಸುವ ನೆಪದಲ್ಲಿ ಇಲ್ಲಿಗೆ ಬಂದಿದ್ದಾರೆಯೇ? ಅವನು ಕೈಕಾಲು ತೊಳೆಯಲು ಒಳಗೆ ಹೋದಾಗ ಅಳತೆಯ ಪುಸ್ತಕ ತೆಗೆದು ಎರಡು ತಿಂಗಳ ಹೆಸರುಗಳನ್ನು ಓದಿದಳು. ಗೊತ್ತಿರುವವರು ಒಬ್ಬರೂ ಇರಲಿಲ್ಲ. ಪುಸ್ತಕವನ್ನು ಇದ್ದ ಹಾಗೇ ಇಟ್ಟು, ತಾನು ಮಾಡಿದ್ದು ಎಂಥ ಕೆಲಸ ಎಂದು ಒಂದು ಗಳಿಗೆ ಅನಿಸಿದರೂ, ಅನುಮಾನ ಮಾತ್ರ ಮತ್ತೆ ಕಚೇರಿಯತ್ತಲೇ ಹೊರಳಿತು.

ಪ್ರಿಂಟರಿಗೆ ಕೈ ಹಾಕುವವರು, ಇಂಗ್ಲಿಷ್ ಬರೆಯಬಲ್ಲವರು ಎಂದರೆ ಮೂವರು. ಮೊದಲನೆಯವನು ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿಯವನು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಹಾಗಾಗಿ ಎಲ್ಲರೂ ಅವನನ್ನು ಮೌನಿ ಎನ್ನುತ್ತಿದ್ದರು. ಇಷ್ಟು ಸುಮ್ಮನಿರುವವನ ಹೊಟ್ಟೆಯಲ್ಲಿ ಏನೆಲ್ಲ ಇರಬಹುದು? ಎರಡನೆಯವರು ಮ್ಯಾನೇಜರು. ಸೊಂಟದಲ್ಲಿ ಬೀಗದಕೈ ಗೊಂಚಲು ನೇತುಹಾಕಿಕೊಂಡು, ಅವಳು ಹೊಸ ಪೆನ್ಸಿಲ್ ಕೇಳಿದರೆ ಹಳೆಯ ಪೆನ್ಸಿಲಿನ ತುಂಡು ತೋರಿಸಿ ಎನ್ನುವ ಮನುಷ್ಯ. ಮೂರನೆಯವಳು ಎಂಟು ತಿಂಗಳ ಹಿಂದೆ ಸೇರಿದ ಕರಡು ತಿದ್ದುವವಳು. ಹನ್ನೆರಡು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳಿ ಬಂದವಳು, ಅದಕ್ಕೇ ಇಲ್ಲಿಯೂ ಅವಳು ಟೀಚರು. ಚುಕ್ಕಿ ಅಕ್ಕನ ಕುರ್ಚಿಯ ಮೇಲೆ ಕಣ್ಣಿಡಬೇಕಾದವರು ಯಾರಾದರೂ ಇದ್ದರೆ ಅದು ಇವಳೇ. ತುಂಬ ವಿನಯ, ಎಲ್ಲದಕ್ಕೂ “ಅಕ್ಕಾ, ಇದು ಸರಿನಾ?” ಅಷ್ಟೊಂದು ವಿನಯವೇ ಚುಕ್ಕಿ ಅಕ್ಕನಿಗೆ ಸೇರುತ್ತಿರಲಿಲ್ಲ.

ಎರಡು ದಿನ ಯೋಚಿಸಿ ಚುಕ್ಕಿ ಅಕ್ಕ ಒಂದು ಉಪಾಯ ಹೂಡಿದಳು. ‘ಶೀರ್ಷಿಕೆಗಳಲ್ಲಿ ಸಣ್ಣ ಪದಗಳು: ನಮ್ಮ ಸಂಸ್ಥೆಯ ನಿಯಮ’ ಎಂದು ಒಂದು ಪುಟದ ಟಿಪ್ಪಣಿ ತಯಾರಿಸಿದಳು. ಮೂರು ಪ್ರತಿ. ನೋಡಲು ಮೂರೂ ಒಂದೇ, ಆದರೆ ಒಂದೊಂದರ ಒಂದು ಸಾಲು ಬೇರೆ. ಮ್ಯಾನೇಜರಿಗೆ ಕೊಟ್ಟದ್ದರಲ್ಲಿ ಹಳೆಯ ಪದ್ಧತಿಯೇ ಇತ್ತು. ಮೌನಿಗೆ ಕೊಟ್ಟದ್ದರಲ್ಲಿ ‘ವಿತ್’, ‘ಫ್ರಮ್’ ಇನ್ನು ಮುಂದೆ ಸಣ್ಣಕ್ಷರದಲ್ಲಿ ಎಂದಿತ್ತು. ಟೀಚರಿಗೆ ಕೊಟ್ಟದ್ದರಲ್ಲಿ ‘ಈಸ್’ ಎರಡಕ್ಷರದ ಪದವಾದ್ದರಿಂದ ಸಣ್ಣಕ್ಷರದಲ್ಲಿ ಎಂದಿತ್ತು. ಮುಂದಿನ ಕಾಗದದ ಶೀರ್ಷಿಕೆ ಯಾವ ಹಾಳೆಯ ಪ್ರಕಾರ ಬರುತ್ತದೋ ಆ ಹಾಳೆಯವರೇ ಕಳ್ಳರು. ಸಿಕ್ಕಿದ ಮೇಲೆ ಮೂರನ್ನೂ ವಾಪಸು ತೆಗೆದುಕೊಂಡರಾಯಿತು. ಒಂದು ವಾರದಲ್ಲಿ ಏನು ಮುಳುಗಿಹೋಗುತ್ತದೆ?

ಮೌನಿ ತಲೆಯಾಡಿಸಿ ಹಾಳೆಯನ್ನು ಕೀಬೋರ್ಡಿನ ಕೆಳಗೆ ಸರಿಸಿದ. ಮ್ಯಾನೇಜರು “ಇದಕ್ಕೆ ಎಷ್ಟು ಹಾಳೆ ಖರ್ಚಾಯ್ತು?” ಎಂದು ಕೇಳಿ ಒಳಗಿಟ್ಟರು. ಟೀಚರು ಮಾತ್ರ ನಿಂತಲ್ಲೇ ಪೂರ್ತಿ ಓದಿ ಹುಬ್ಬು ಗಂಟಿಕ್ಕಿದಳು.

“ಅಕ್ಕಾ, ‘ಈಸ್’ ಕ್ರಿಯಾಪದ ಅಲ್ವಾ? ದೊಡ್ಡಕ್ಷರ ಬರ್ಬೇಕಲ್ವಾ?”

ಟೀಚರು ಹೇಳಿದ್ದೇ ಸರಿ ಎಂದು ಚುಕ್ಕಿ ಅಕ್ಕನಿಗೆ ಗೊತ್ತಿತ್ತು. ಆದರೆ ಇಪ್ಪತ್ತೆರಡು ವರ್ಷದ ಗತ್ತು ಕೈಬಿಡಲಿಲ್ಲ.

“ಶಾಲೆಯ ವ್ಯಾಕರಣ ಬೇರೆ, ಸಂಸ್ಥೆಯ ಪದ್ಧತಿ ಬೇರೆ. ಬರೆದಿರೋ ಹಾಗೆ ಮಾಡಿ. ಆ ಹಾಳೆ ನಿಮ್ಮ ಹತ್ತಿರಾನೇ ಇರಲಿ.”

ಅಂದಿನಿಂದ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದಳು. ಪ್ರಿಂಟರ್ ಗುರ್ರೆಂದರೆ ಸಾಕು, ಕುರ್ಚಿ ತಿರುಗಿಸಿ ಯಾರು ಎದ್ದು ಹೋದರು ಎಂದು ನೋಡುವಳು. ಊಟದ ಹೊತ್ತಿನಲ್ಲಿ ಎಲ್ಲರಿಗಿಂತ ಮೊದಲು ಡಬ್ಬಿ ಮುಚ್ಚಿ ವಾಪಸು ಬರುವಳು. ಟೀಚರು ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿದರೆ ಮೈಯೆಲ್ಲ ಕಿವಿಯಾಗುವಳು. ಒಮ್ಮೆ ಕೇಳಿಸಿದ್ದು ಮಗುವಿನ ಜ್ವರದ ವಿಚಾರ. ಅದನ್ನೂ ಪೂರ್ತಿ ನಂಬಲಿಲ್ಲ. ಮ್ಯಾನೇಜರ ಬಾಗಿಲು ಅರ್ಧ ತೆರೆದಿದ್ದರೆ ಯಾಕೆ ತೆರೆದಿದೆ, ಮುಚ್ಚಿದ್ದರೆ ಯಾಕೆ ಮುಚ್ಚಿದೆ. ಈ ಗಡಿಬಿಡಿಯಲ್ಲೇ ಎರಡು ಪುಸ್ತಕದ ಕರಡು ಅವಳ ಮೇಜಿಗೆ ಬಂದವು, ಸಹಿಯಾಗಿ ಹೋದವು.

ಎಂಟನೆಯ ದಿನ ಯಜಮಾನರು ಕರೆದರು. ಮೂರನೆಯ ಕಾಗದ. ಚುಕ್ಕಿ ಅಕ್ಕ ಒಳಗಿನ ವಿಷಯ ಓದಲೇ ಇಲ್ಲ, ಶೀರ್ಷಿಕೆ ನೋಡಿದಳು: ‘ಹು ಈಸ್ ರೀಡಿಂಗ್ ದಿ ಪ್ರೂಫ್ಸ್?’ ‘ಈಸ್’ ಸಣ್ಣಕ್ಷರದಲ್ಲಿತ್ತು.

“ಸಿಕ್ಕಿಬಿಟ್ಟಳು!” ಎಂದಳು ಅವಳು ಗಟ್ಟಿಯಾಗಿ.

“ಯಾರು?” ಎಂದು ಯಜಮಾನರು ಬೆಚ್ಚಿಬಿದ್ದರು.

ಉತ್ತರ ಕೊಡುವ ವ್ಯವಧಾನ ಅವಳಿಗಿರಲಿಲ್ಲ. ಬಾಗಿಲು ತೆರೆದು “ಟೀಚರೇ, ಒಂದು ನಿಮಿಷ ಬನ್ನಿ ಇಲ್ಲಿ,” ಎಂದು ಕೂಗಿದಳು. ಟೀಚರು ಕೈಯಲ್ಲಿದ್ದ ಕೆಂಪು ಪೆನ್ನಿನ ಸಮೇತ ಬಂದಳು. ಅವಳು ಒಳಗೆ ಕಾಲಿಡುತ್ತಿದ್ದಂತೆ ಚುಕ್ಕಿ ಅಕ್ಕ ಕಾಗದವನ್ನು ಮುಖದೆದುರು ಹಿಡಿದಳು.

“ಇದನ್ನ ಬರೆದವರು ನೀವು ತಾನೆ?”

ಟೀಚರು ಓದಿದಳು. ಮುಖ ಬಿಳಿಚಿಕೊಂಡಿತು. “ನಾನಾ? ನಾನ್ಯಾಕೆ ಅಕ್ಕಾ ಇಂಥದ್ದು ಬರೀಲಿ?”

“ಹಿಂದಿನ ಕಾಗದದಲ್ಲಿ ‘ಈಸ್’ ದೊಡ್ಡದಿತ್ತು. ಇದರಲ್ಲಿ ಸಣ್ಣದು. ಸಣ್ಣದು ಮಾಡಿ ಅಂತ ನಾನು ಬರೆದುಕೊಟ್ಟಿದ್ದು ಇಡೀ ಕಚೇರಿಯಲ್ಲಿ ನಿಮಗೊಬ್ಬರಿಗೇ. ಬೇರೆಯವರ ಹಾಳೆಯಲ್ಲಿ ಆ ಸಾಲೇ ಇಲ್ಲ. ಇನ್ನೇನು ಹೇಳ್ತೀರಿ?”

ಟೀಚರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ದನಿಯಲ್ಲಿದ್ದ ವಿನಯವೆಲ್ಲ ಇಳಿದುಹೋಯಿತು.

“ಅಂದ್ರೆ ಬೇಕಂತಲೇ ನನಗೆ ತಪ್ಪು ಬರೆದುಕೊಟ್ರಾ? ನನ್ನನ್ನ ಹಿಡಿಯೋಕೆ?”

“ಕೇಳಿದ್ದಕ್ಕೆ ಉತ್ತರ ಕೊಡಿ.”

“ಕೊಡ್ತೀನಿ. ನಂಗೆ ಆ ನಿಯಮ ಸರಿ ಅನಿಸ್ಲಿಲ್ಲ. ನಿಮ್ಮನ್ನ ಕೇಳಿದ್ರೆ ಗದರಿದ್ರಿ. ಅದಕ್ಕೆ ಯಜಮಾನರ ಹತ್ತಿರ ತಗೊಂಡು ಹೋದೆ. ಸರ್, ನೀವೇ ಹೇಳಿ. ಚುಕ್ಕಿ ಅಕ್ಕ ಬರೆದಿದಾರೆ ಅಂದ್ಮೇಲೆ ಸರಿಯಾಗೇ ಇರುತ್ತೆ ಅಂತ ಅಂದ್ರಲ್ವಾ? ನನಗೂ ಒಂದು ಪ್ರತಿ ಇರಲಿ ಅಂತ ಜೆರಾಕ್ಸ್ ಮಾಡಿಸಿಕೊಂಡ್ರಲ್ವಾ?”

ಚುಕ್ಕಿ ಅಕ್ಕ ಯಜಮಾನರ ಕಡೆ ತಿರುಗಿದಳು. ಅವರು ಪೆನ್ನಿನ ಮುಚ್ಚಳವನ್ನೇ ನೋಡುತ್ತಿದ್ದರು. ಕಿವಿಯ ತುದಿ ಕೆಂಪಾಗಿತ್ತು. ಹದಿನೈದು ವರ್ಷದ ಹುಡುಗನಾಗಿದ್ದಾಗ, ಯಾರದೋ ಪ್ರಬಂಧ ನಕಲು ಮಾಡಿ ತಂದು ತನ್ನದೇ ಎಂದು ತೋರಿಸಿದ್ದ ದಿನ ಆ ಕಿವಿ ಹೀಗೇ ಕೆಂಪಾಗಿತ್ತು. ಅವಳಿಗೆ ಎಲ್ಲವೂ ಒಟ್ಟಿಗೆ ತಿಳಿಯಿತು.

“ಟೀಚರೇ, ನೀವು ಸ್ವಲ್ಪ ಹೊರಗಿರ್ತೀರಾ?” ಎಂದಳು.

“ಇಲ್ಲ,” ಎಂದಳು ಟೀಚರು. “ನನ್ನನ್ನ ಕಳ್ಳಿ ಅಂತ ಕರೆದಿದ್ದು ಬಾಗಿಲು ತೆಗೆದಿಟ್ಟು. ಉಳಿದಿದ್ದನ್ನೂ ನಾನು ಕೇಳಿಸಿಕೊಂಡೇ ಹೋಗ್ತೀನಿ.”

ಯಜಮಾನರು ಕೊನೆಗೆ ಬಾಯಿ ಬಿಟ್ಟರು. “ನಾನೇ ಬರೆದಿದ್ದು ಅಕ್ಕಾ. ಮೂರೂ.”

“ಯಾಕೆ?”

“ಶಾಲೆಗಳಿಂದ ದೂರು ಬರ್ತಿತ್ತು. ನಿಮ್ಮನ್ನ ಕೂರಿಸ್ಕೊಂಡು ಹೇಳ್ಬೇಕು ಅಂತ ನಾಲ್ಕು ಸಲ ಕರೆದೆ. ನೀವು ಬಂದು ನಿಂತ್ರೆ ಬಾಯೇ ಬರ್ತಿರಲಿಲ್ಲ, ಬೇರೆ ಏನೋ ಕೇಳಿ ಕಳಿಸ್ತಿದ್ದೆ. ಯಾರೋ ಬರೆದಿದಾರೆ ಅಂತ ತೋರಿಸಿದ್ರೆ ನಿಮಗೂ ಬೇಜಾರಾಗಲ್ಲ ಅನ್ಕೊಂಡೆ.”

“ಬೇಜಾರಾಗಲ್ಲ!” ಎಂದಳು ಚುಕ್ಕಿ ಅಕ್ಕ. “ದಣಿವಾಗಿದೆ ಅಂತ ಬರೆದಿದ್ರಲ್ಲ.”

“ಅದು ಸ್ವಲ್ಪ ಜಾಸ್ತಿ ಆಯ್ತು,” ಎಂದು ಅವರು ಒಪ್ಪಿಕೊಂಡರು. “ನಿಮಗೆ ತೋರಿಸೋ ಕಾಗದದಲ್ಲಿ ತಪ್ಪು ಇರಬಾರದಲ್ಲ ಅಂತ ಶೀರ್ಷಿಕೆನ ಹತ್ತು ಸಲ ನೋಡ್ತಿದ್ದೆ. ಈ ಸಲ ನಿಮ್ಮ ಹಾಳೆ ಪಕ್ಕದಲ್ಲೇ ಇಟ್ಕೊಂಡು ಬರೆದೆ.”

ಚುಕ್ಕಿ ಅಕ್ಕನಿಗೆ ಸಿಟ್ಟು ನೆತ್ತಿಗೇರಿತ್ತು. ಬೈಯಲು ಮಾತುಗಳೂ ನಾಲಿಗೆಯ ತುದಿಗೆ ಬಂದಿದ್ದವು. ಅಷ್ಟರಲ್ಲಿ ಬಾಗಿಲ ಬಳಿ ಮೌನಿ ಬಂದು ನಿಂತ. ಕೈಯಲ್ಲಿ ಆಗ ತಾನೇ ಮುದ್ರಣದಿಂದ ಬಂದ ಮುಖಪುಟಗಳ ಕಟ್ಟು. ನೀರಿನ ಬಗ್ಗೆ ಮಕ್ಕಳಿಗಾಗಿ ಮಾಡಿದ ವಿಜ್ಞಾನದ ಪುಸ್ತಕ. ದೊಡ್ಡ ನೀಲಿ ಅಲೆ, ಅದರ ಮೇಲೆ ಹಳದಿ ಅಕ್ಷರ: ‘ವಾಟರ್ ಈಸ್ ಎವೆರಿವೇರ್’.

“‘ಈಸ್’ ಸಣ್ಣದಾಗಿದೆ,” ಎಂದ ಮೌನಿ. ಅಪರೂಪಕ್ಕೆ ಅವನೇ ಮಾತು ಮುಂದುವರಿಸಿದ. “ನಾನು ದೊಡ್ಡದೇ ಹಾಕಿದ್ದೆ. ಕರಡಿನಲ್ಲಿ ಕೆಂಪು ಪೆನ್ನಲ್ಲಿ ತಿದ್ದಿತ್ತು. ಎಲ್ಲ ಪ್ರತಿಯಲ್ಲೂ ಹಾಗೇ ಬಿದ್ದಿದೆ.”

ಟೀಚರು ತನ್ನ ಕೈಯಲ್ಲಿದ್ದ ಕೆಂಪು ಪೆನ್ನನ್ನು ನೋಡಿಕೊಂಡಳು. “ನಾನೇ ತಿದ್ದಿದ್ದು,” ಎಂದಳು ನಿಧಾನವಾಗಿ. “ಹಾಳೆಯಲ್ಲಿ ಹಾಗಿತ್ತು.”

ಯಜಮಾನರು ಗೊಂದಲದಲ್ಲಿ ಮುಖಪುಟವನ್ನೂ ಚುಕ್ಕಿ ಅಕ್ಕನನ್ನೂ ನೋಡಿದರು. “ಹಾಗಾದ್ರೆ ಇದು ಸರೀನೋ ತಪ್ಪೋ?”

ಒಂದು ಮಾತು ಸಾಕಿತ್ತು. ಇದು ನಮ್ಮ ಹೊಸ ಪದ್ಧತಿ, ಹೀಗೇ ಇರಲಿ ಎಂದುಬಿಟ್ಟಿದ್ದರೆ ಯಜಮಾನರು ನಂಬುತ್ತಿದ್ದರು. ಇಲ್ಲವೇ ಟೀಚರು ಆತುರಪಟ್ಟು ತಿದ್ದಿದ್ದಾಳೆ ಎಂದರೂ ನಡೆಯುತ್ತಿತ್ತು. ಚುಕ್ಕಿ ಅಕ್ಕ ಕಟ್ಟಿನ ಮೇಲೆ ಸಿಕ್ಕಿಸಿದ್ದ ಕರಡನ್ನು ಎಳೆದು ನೋಡಿದಳು. ಕೆಳಗೆ ಅವಳದೇ ಸಹಿ, ತಾರೀಕು ಸಮೇತ. ಆ ದಿನ ಏನು ಮಾಡುತ್ತಿದ್ದೆ ಎಂದು ನೆನಪಿಸಿಕೊಂಡಳು. ಮ್ಯಾನೇಜರು ಪ್ರಿಂಟರಿನ ಹತ್ತಿರ ಯಾಕೆ ನಿಂತಿದ್ದಾರೆ ಎಂದು ನೋಡುತ್ತಲೇ ಸಹಿ ಹಾಕಿದ್ದಳು. ಮುಖಪುಟದಲ್ಲಿ ಇದ್ದದ್ದು ಮೂರೇ ಪದ. ಆ ಮೂರನ್ನೂ ಅವಳು ಓದಿರಲಿಲ್ಲ.

“ತಪ್ಪು,” ಎಂದಳು. “ತಪ್ಪು ನನ್ನದು. ಸುಳ್ಳು ನಿಯಮ ನಾನು ಬರೆದೆ, ಟೀಚರು ಬೇಡ ಅಂದ್ರೂ ಗದರಿಸಿ ಮಾಡಿಸಿದೆ, ಕೊನೆಗೆ ಓದದೆ ಸಹಿ ಹಾಕಿದೆ. ಮುಖಪುಟ ಮತ್ತೆ ಮಾಡಿಸ್ಬೇಕು.”

ಯಜಮಾನರು ಏಳಲೋ ಕೂರಲೋ ತಿಳಿಯದೆ ಅರ್ಧ ಎದ್ದು ನಿಂತರು. ಟೀಚರು ಹೊರಗೆ ನಡೆದಳು. ಅವಳ ಹಿಂದೆ ಮೌನಿಯೂ ಹೋದ.

ಅಂದು ಮಧ್ಯಾಹ್ನ ಚುಕ್ಕಿ ಅಕ್ಕ ತನ್ನ ಮೇಜಿನಲ್ಲಿ ಕೂತು ಹಳೆಯ ಆರು ಪುಸ್ತಕಗಳನ್ನು ತೆಗೆದು ಮೊದಲಿನಿಂದ ಓದಿದಳು. ಕಷ್ಟದ ಪದಗಳಲ್ಲಿ, ಊರುಗಳ ಹೆಸರಿನಲ್ಲಿ, ಅಂಕಿಗಳಲ್ಲಿ ಒಂದು ತಪ್ಪೂ ಇರಲಿಲ್ಲ. ಇದ್ದವೆಲ್ಲ ‘ಆಫ್’, ‘ಇಟ್’, ‘ಇನ್’ ಎಂಬ ಪುಡಿ ಪದಗಳಲ್ಲಿ. ವರ್ಷಗಟ್ಟಲೆ ಓದಿ ಓದಿ ಅವಳ ಕಣ್ಣು ದೊಡ್ಡ ಪದದಿಂದ ದೊಡ್ಡ ಪದಕ್ಕೆ ಹಾರುವುದನ್ನು ಅಭ್ಯಾಸ ಮಾಡಿಕೊಂಡಿತ್ತು. ನಡುವಿನವನ್ನು ಮನಸ್ಸೇ ಸರಿಯಾಗಿ ತುಂಬಿಸಿಕೊಂಡು ಮುಂದೆ ಹೋಗುತ್ತಿತ್ತು. ಒಟ್ಟು ಒಂಬತ್ತು ತಪ್ಪು ಸಿಕ್ಕಿದವು. ಪಟ್ಟಿ ಮಾಡಿ, ಕೆಳಗೆ ತನ್ನ ಹೆಸರು ಬರೆದು ಯಜಮಾನರಿಗೆ ಕೊಟ್ಟಳು.

“ಇನ್ನು ಮೇಲೆ ಏನಿದ್ರೂ ಮುಖ ನೋಡಿ ಹೇಳಿ,” ಎಂದಳು. “ನಾನು ಸಿಟ್ಟು ಮಾಡ್ಕೋತೀನಿ. ಮಾಡ್ಕೊಂಡ್ರೆ ಮಾಡ್ಕೊಳ್ಳಲಿ ಅಂತ ಬಿಟ್ಟುಬಿಡಿ.”

“ಹಾಗಾದ್ರೆ ಈಗಲೇ ಒಂದು ಹೇಳ್ಲಾ?” ಎಂದು ಅವರು ಧೈರ್ಯ ತಂದುಕೊಂಡು ತಲೆ ಎತ್ತಿದರು. “ನೀವು ಓದಿದ್ಮೇಲೆ ಟೀಚರು ಇನ್ನೊಂದು ಸಲ ಓದಲಿ. ಕೊನೆ ಸಹಿ ಇಬ್ಬರದೂ ಇರಲಿ.”

ಅವಳಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಆದರೂ ಆಗಲಿ ಎಂದಳು.

ಟೀಚರ ಹತ್ತಿರ ಹೋಗಿ ಮಾತಾಡುವುದು ಅಷ್ಟು ಸುಲಭವಿರಲಿಲ್ಲ. ಮರುದಿನ ಊಟದ ಹೊತ್ತಿನಲ್ಲಿ ಅವಳ ಎದುರು ಕೂತಳು. “ಕ್ಷಮಿಸಿ ಅಂತ ಕೇಳೋಕೆ ಬಂದಿದೀನಿ,” ಎಂದಳು.

ಟೀಚರು ಡಬ್ಬಿಯಿಂದ ತಲೆ ಎತ್ತಲಿಲ್ಲ. “ಮನೆಯವರಿಗೆ ಹೇಳಿದ್ರೆ ಬಿಟ್ಟುಬಿಡು ಆ ಕೆಲಸಾನ ಅಂದ್ರು. ಬಿಡಲ್ಲ ಅಂದೆ. ಕೆಲಸ ನನಗೆ ಇಷ್ಟ. ಆದ್ರೆ ನಿಮ್ಮ ಮಾತು ನಂಬೋದು ಕಷ್ಟ ಅಕ್ಕಾ.”

“ಅದು ನ್ಯಾಯವೇ.”

“ನನ್ನ ಫೋನು ಕೂಡ ಕೇಳಿಸ್ಕೋತಿದ್ರಿ. ಗೊತ್ತಾಗ್ತಿತ್ತು ನಂಗೆ.”

ಚುಕ್ಕಿ ಅಕ್ಕ ತಲೆ ತಗ್ಗಿಸಿದಳು. “ಮಗುವಿನ ಜ್ವರ ಇಳೀತಾ?” ಎಂದು ಕೇಳಿದಳು. ಕೇಳಿದ ಮೇಲೆ ಕೇಳಬಾರದಿತ್ತು ಅನಿಸಿತು. ಟೀಚರು ಅವಳನ್ನು ದುರುಗುಟ್ಟಿ ನೋಡಿದಳು. ಆಮೇಲೆ, ಬೇಡಬೇಡವೆಂದರೂ ತುಟಿಯ ಒಂದು ಕೊನೆ ಅಲುಗಿತು.

“ಇಳೀತು,” ಎಂದಳು.

ಹೊಸ ಮುಖಪುಟ ಬಂತು, ಪುಸ್ತಕ ಶಾಲೆಗಳಿಗೆ ಹೋಯಿತು. ಗಂಡ ವಿಷಯವೆಲ್ಲ ಕೇಳಿ ನಗಲಿಲ್ಲ, ಅಳತೆಯ ಪುಸ್ತಕದ ಸಂಗತಿಯನ್ನೂ ಅವಳು ಹೇಳಿಬಿಟ್ಟಾಗ ಮಾತ್ರ “ಅಯ್ಯೋ, ನನ್ನನ್ನೂನಾ!” ಎಂದು ಹಣೆ ಚಚ್ಚಿಕೊಂಡ. ಕಚೇರಿಯಲ್ಲಿ ಯಜಮಾನರು ತಿಂಗಳಿಗೊಮ್ಮೆ ಅವಳನ್ನು ಕರೆದು, ಬೆವರುತ್ತಾ, ತೊದಲುತ್ತಾ, ಮುಖ ನೋಡಿಯೇ ತಪ್ಪು ಹೇಳತೊಡಗಿದರು. ಚುಕ್ಕಿ ಅಕ್ಕ ಒಂದು ರಟ್ಟಿನ ಪಟ್ಟಿ ಕತ್ತರಿಸಿಕೊಂಡು, ಅದನ್ನು ಸಾಲಿನ ಮೇಲಿಟ್ಟು ಒಂದೊಂದೇ ಪದ ತೋರುವಂತೆ ಸರಿಸುತ್ತಾ ಓದುವುದನ್ನು ರೂಢಿ ಮಾಡಿಕೊಂಡಳು. ಕೆಲಸ ನಿಧಾನವಾಯಿತು. ತಪ್ಪು ಕಡಿಮೆಯಾದವು, ಪೂರ್ತಿ ನಿಲ್ಲಲಿಲ್ಲ.

ಚಳಿಗಾಲದಲ್ಲಿ ಒಂದು ದಿನ ಟೀಚರು ಒಂದು ಕರಡು ಹಿಡಿದು ಅವಳ ಮೇಜಿಗೆ ಬಂದಳು. ಹಕ್ಕಿಗಳ ಪುಸ್ತಕ. ಶೀರ್ಷಿಕೆಯಲ್ಲಿ ‘ಓವರ್’ ಎಂಬ ಪದ.

“ಅಕ್ಕಾ, ಇದು ದೊಡ್ಡಕ್ಷರಾನಾ?”

“ದೊಡ್ಡಕ್ಷರ. ನಾಲ್ಕಕ್ಷರದ್ದಲ್ವಾ.”

ಟೀಚರು ತಲೆಯಾಡಿಸಿ ಹೋದಳು. ಹೋಗಿ ಕಪಾಟಿನಿಂದ ನಿಯಮಗಳ ದಪ್ಪ ಪುಸ್ತಕ ತೆಗೆದು, ನಿಂತುಕೊಂಡೇ ಪುಟ ಹುಡುಕಿ, ಬೆರಳಿಟ್ಟು ಓದಿದಳು. ಸಂಸ್ಥೆಯ ಹಳೆಯ ಮೂರು ಪುಸ್ತಕಗಳ ಮುಖಪುಟವನ್ನೂ ತಿರುಗಿಸಿ ನೋಡಿದಳು. ಚುಕ್ಕಿ ಅಕ್ಕ ಇದನ್ನೆಲ್ಲ ಕಿಟಕಿಯ ಪಕ್ಕದಿಂದ ನೋಡಿದಳು. ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಟೀಚರು ಕೊನೆಗೆ ಪುಸ್ತಕ ಮುಚ್ಚಿ, ತನ್ನ ಜಾಗಕ್ಕೆ ಹೋಗಿ, ‘ಓವರ್’ ಪಕ್ಕದಲ್ಲಿ ಸಣ್ಣದೊಂದು ಸರಿ ಗುರುತು ಹಾಕಿ ಮುಂದಿನ ಪುಟ ತಿರುಗಿಸಿದಳು.